ಪಾಯಿಂಟ್ ಬಿಡುವ ಹೊತ್ತು

ಮಡಿಕೇರಿಯಲ್ಲಿ ಬುಲೆಟ್ ಮೆಕ್ಯಾನಿಕ್ಕೊಬ್ಬನನ್ನು ಹೊಗಳಬೇಕಾದರೆ ಜನ ಇವತ್ತಿಗೂ ಹೇಳುವ ಮಾತು: ‘ಅವ ಕಿವಿಯಲ್ಲೇ ಟೈಮಿಂಗ್ ಇಡ್ತಾನೆ ಮಾರಾಯ.’ ಎಂಬತ್ತರ ದಶಕದಲ್ಲಿ, ಮಂಗಳೂರು ರಸ್ತೆಯ ಇಳಿಜಾರಿಗೆ ಅಂಟಿಕೊಂಡಿದ್ದ ಒಂದು ತಗಡಿನ ಶೆಡ್ಡಿನಲ್ಲಿ ನಾನು ಸ್ಪ್ಯಾನರ್ ಎತ್ತಿಕೊಡುತ್ತಿದ್ದಾಗಲೂ ಇದೇ ಮಾತಿತ್ತು. ಆ ಶೆಡ್ಡಿನ ಯಜಮಾನರಿಗೆ ಮಾತ್ರ ಈ ಹೊಗಳಿಕೆ ಸೇರುತ್ತಿರಲಿಲ್ಲ. ಸೈನ್ಯದ ಇ.ಎಂ.ಇ.ಯಲ್ಲಿ ಗಾಡಿ ರಿಪೇರಿ ಮಾಡಿ ಪೆನ್ಶನ್ ಆಗಿ ಬಂದವರು, ಊರಿಗೆಲ್ಲ ಹವಾಲ್ದಾರ್ರು. ಎಂಜಿನ್ ಸರಿಯಿಲ್ಲ ಅಂತ ಕಿವಿ ಹೇಳೀತು, ಎಷ್ಟು ಸರಿಯಿಲ್ಲ ಅಂತ ಹೇಳಲಾರದು ಎನ್ನುವುದು ಅವರ ವಾದ. ಆಮೇಲೆ ಹಳೆಯದು, ಹೊಸದು ಎರಡೂ ಬಗೆಯ ಎಂಜಿನ್ ಬಿಚ್ಚಿ ಕೂರಿಸಿದ ನನಗೂ ಅವರ ಮಾತೇ ಸರಿ ಅನ್ನಿಸಿದೆ. ಹಳೆಯ ಮೆಕ್ಯಾನಿಕ್ಕುಗಳ ಬಗ್ಗೆ ಈಗ ಕೇಳಿಬರುವ ನೆನಪುಗಳಲ್ಲೆಲ್ಲ ಕೈಗುಣದ ಕಥೆಯೇ ಹೆಚ್ಚು. ನಾನು ಆ ಶೆಡ್ಡಿನಲ್ಲಿ ಕಂಡದ್ದು ಅಳತೆಯನ್ನು.

ಕೊಡಗಿನಲ್ಲಿ ಬುಲೆಟ್ ಇಷ್ಟು ಬೇರುಬಿಟ್ಟದ್ದರಲ್ಲಿ ಸೈನ್ಯದ ಪಾಲು ದೊಡ್ಡದು. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಸೈನ್ಯಕ್ಕೂ ಪೊಲೀಸರಿಗೂ ಬೇಕಾದ ಗಾಡಿ ಬುಲೆಟ್. ಇಂಗ್ಲೆಂಡಿನಲ್ಲಿ ಆ ಮಾದರಿ ನಿಂತೇಹೋದ ಮೇಲೂ ಇಲ್ಲಿ ಅದೇ ಎಂಜಿನ್ ದಶಕಗಟ್ಟಲೆ ಬಂತು: 70 ಮಿಲಿಮೀಟರ್ ಬೋರ್, 90 ಮಿಲಿಮೀಟರ್ ಸ್ಟ್ರೋಕ್, 346 ಸಿಸಿ, ಎರಕದ ಕಬ್ಬಿಣದ ಸಿಲಿಂಡರ್. ಸರ್ವಿಸಿನಲ್ಲಿ ಓಡಿಸಿ ರೂಢಿಯಾದವರು ಪೆನ್ಶನ್ನಿಗೆ ಬಂದು ಅದನ್ನೇ ಕೊಂಡರು, ತೋಟದವರೂ ಕೊಂಡರು. ಜೊತೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳೂ ಶೆಡ್ಡಿಗೆ ಬರುತ್ತಿದ್ದವು. ಅವು ಟೂ ಸ್ಟ್ರೋಕ್. ಕ್ಯಾಮ್ ಇಲ್ಲ, ವಾಲ್ವ್ ಇಲ್ಲ, ಕಿಡಿಯ ಟೈಮಿಂಗ್ ಒಂದನ್ನು ನೋಡಿದರಾಯಿತು. ಬುಲೆಟ್ಟಿನಲ್ಲಿ ಕ್ಯಾಮಿನದು, ಕಿಡಿಯದು ಎರಡೂ ಟೈಮಿಂಗ್ ಉಂಟು. ಎಂಜಿನ್ ಪೂರಾ ಇಳಿಸಿದಾಗ ಈ ಎರಡನ್ನೂ ಮತ್ತೆ ಒಂದಕ್ಕೊಂದು ಕೂಡಿಸಬೇಕು. ಕೆಲಸದ ಜೀವ ಇರುವುದು ಅಲ್ಲಿ. ಉಳಿದದ್ದೆಲ್ಲ ಬಿಚ್ಚುವುದು, ತೊಳೆಯುವುದು, ಬೋರ್ ಮಾಡಿಸಲು ಸಿಲಿಂಡರನ್ನು ಗೋಣಿಯಲ್ಲಿ ಕಟ್ಟಿ ಮೈಸೂರು ಬಸ್ಸಿಗೆ ಹಾಕುವುದು, ಅದು ವಾಪಸು ಬರುವ ತನಕ ಕಾಯುವುದು.

ಕ್ಯಾಮ್ ಟೈಮಿಂಗ್ ಎಂದರೆ ಪಿಸ್ಟನ್ ಎಲ್ಲಿರುವಾಗ ಯಾವ ವಾಲ್ವ್ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದು. ಬುಲೆಟ್ಟಿನಲ್ಲಿ ಇದು ಬಲಗಡೆಯ ಟೈಮಿಂಗ್ ಕವರಿನ ಒಳಗೆ ಹಲ್ಲಿನ ಚಕ್ರಗಳಲ್ಲಿ ಅಡಗಿದೆ. ಕ್ರ್ಯಾಂಕಿನ ತುದಿಯಲ್ಲಿ ಒಂದು ಸಣ್ಣ ಪಿನಿಯನ್. ಅದನ್ನು ಬಿಗಿದ ನಟ್ಟು ಉಲ್ಟಾ ಥ್ರೆಡ್ಡಿನದು, ಆಯಿಲ್ ಪಂಪನ್ನು ತಿರುಗಿಸುವ ವರ್ಮ್ ಕೂಡ ಅದೇ. ಗೊತ್ತಿಲ್ಲದವರು ಎಡಕ್ಕೆ ತಿರುಗಿಸಿ ತಿರುಗಿಸಿ ಮುರಿಯುತ್ತಾರೆ. ಪಿನಿಯನ್ನು ಎರಡು ಸುತ್ತು ಬಂದರೆ ಕ್ಯಾಮ್ ಚಕ್ರಗಳು ಒಂದು ಸುತ್ತು. ಪಿನಿಯನ್ನಿನ ಮೇಲೊಂದು ಗುರುತು, ಅದಕ್ಕೆ ಎದುರಾಗಿ ಕ್ಯಾಮಿನ ಮೇಲೊಂದು. ಎರಡು ಕ್ಯಾಮ್‌ಗಳು ಪರಸ್ಪರ ಸೇರುವಲ್ಲಿ ಇನ್ನೊಂದು ಜೊತೆ ಗುರುತು. ಇವು ಒಂದಕ್ಕೊಂದು ನೇರ ಬಂದರೆ ಕೆಲಸ ಮುಗಿಯಿತು ಎಂದು ಬಹಳ ಜನ ಕವರ್ ಮುಚ್ಚುತ್ತಿದ್ದರು.

ಹವಾಲ್ದಾರ್ರು ಮುಚ್ಚುತ್ತಿರಲಿಲ್ಲ. ‘ಗುರುತು ಹೊಡೆದವನೂ ಮನುಷ್ಯನೇ’ ಎನ್ನುತ್ತಿದ್ದರು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಸಾಮಾನಿನಲ್ಲಿ ಕಂಪನಿಯದೂ ಇರುತ್ತಿತ್ತು, ಕಂಪನಿಯದ್ದರ ಹಾಗೆ ಕಾಣುವುದೂ ಇರುತ್ತಿತ್ತು. ಹಾಗಾಗಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ, ಎಕ್ಸಾಸ್ಟ್ ಹೊಡೆತ ಮುಗಿದು ಪಿಸ್ಟನ್ ಮೇಲೆ ಬಂದು ನಿಲ್ಲುವ ಜಾಗದಲ್ಲಿ ಎರಡು ವಾಲ್ವನ್ನೂ ನೋಡುವರು. ಆ ಗಳಿಗೆಯಲ್ಲಿ ಎಕ್ಸಾಸ್ಟ್ ವಾಲ್ವ್ ಇನ್ನೇನು ಮುಚ್ಚುವುದರಲ್ಲಿರಬೇಕು, ಇನ್ಲೆಟ್ ಆಗತಾನೇ ಏಳುತ್ತಿರಬೇಕು. ಎರಡೂ ತುಸು ತೆರೆದಿರಬೇಕು. ಇದಕ್ಕೆ ಓವರ್‌ಲ್ಯಾಪ್ ಎನ್ನುವುದು. ಗುರುತು ಸುಳ್ಳು ಹೇಳಿದರೂ ಇದು ಸುಳ್ಳು ಹೇಳುವುದಿಲ್ಲ. ಆಮೇಲೆ ಟ್ಯಾಪೆಟ್. ಕಬ್ಬಿಣದ ಬುಲೆಟ್ಟಿಗೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ಟಿನಲ್ಲಿ ಗ್ಯಾಪ್ ಇಡುವ ಹಾಗಿಲ್ಲ. ಪುಶ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು.

ಕ್ಯಾಮಿನಲ್ಲಿ ತಪ್ಪಾದರೆ ಪೂರಾ ಹಲ್ಲಿನ ಲೆಕ್ಕದಲ್ಲೇ ಆಗುತ್ತದೆ, ಅರ್ಧ ಹಲ್ಲು ತಪ್ಪುವುದಕ್ಕೆ ದಾರಿ ಇಲ್ಲ. ಒಂದು ಚಕ್ರಕ್ಕೆ 36 ಹಲ್ಲು ಎಂದುಕೊಳ್ಳಿ. ಒಂದು ಹಲ್ಲು ಜರುಗಿದರೆ ಕ್ಯಾಮ್ 10 ಡಿಗ್ರಿ ತಪ್ಪಿತು, ಕ್ರ್ಯಾಂಕಿನ ಲೆಕ್ಕದಲ್ಲಿ 20 ಡಿಗ್ರಿ. ಇಷ್ಟು ತಪ್ಪಿದರೆ ಎಂಜಿನ್ ಸ್ಟಾರ್ಟೇ ಆಗಲಿಕ್ಕಿಲ್ಲ ಅಂದುಕೊಂಡರೆ ಅದು ಸರಿಯಲ್ಲ. ಒಬ್ಬ ಎಸ್ಟೇಟ್ ರೈಟರ್ ತಂದ ಗಾಡಿ ನನಗೆ ಚೆನ್ನಾಗಿ ನೆನಪಿದೆ. ಬೇರೆಲ್ಲೋ ಎಂಜಿನ್ ಇಳಿಸಿ ಹೊಸ ಪಿಸ್ಟನ್ ಹಾಕಿಸಿದ್ದರು. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಓಡುತ್ತದೆ, ಊರೊಳಗೆ ತಿರುಗುತ್ತದೆ. ಜೋಡುಪಾಲ ದಾಟಿ ಏರು ಸಿಕ್ಕಿತೆಂದರೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಕಾರ್ಬುರೇಟರ್ ಬದಲಾಗಿತ್ತು, ಕಾಯಿಲ್ ಬದಲಾಗಿತ್ತು, ಪ್ಲಗ್ ಎಷ್ಟೋ ಸಲ ಬದಲಾಗಿತ್ತು. ಹೊಸ ರಿಂಗೂ ಸರಿ ಕೂತಿಲ್ಲ ಎಂದು ಯಾರೋ ಹೇಳಿ ಅವರು ಇನ್ನೊಮ್ಮೆ ಸಿಲಿಂಡರ್ ಇಳಿಸುವ ಯೋಚನೆಯಲ್ಲಿದ್ದರು.

ಹವಾಲ್ದಾರ್ರು ಮೊದಲು ಕೈಯಲ್ಲಿ ಕಿಕ್ ಒತ್ತಿ ನೋಡಿದರು. ಹೊಸ ಪಿಸ್ಟನ್ನಿನ ಗಾಡಿಗೆ ಕಿಕ್ ಅಷ್ಟು ಹಗುರ ಇರಬಾರದು. ಪ್ಲಗ್ ಬಿಚ್ಚಿಸಿ, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿ ಪಿಸ್ಟನ್ ಮೇಲೆ ತಂದರು. ಟ್ಯಾಪೆಟ್ ಕವರ್ ತೆಗೆದು ನೋಡಿದರೆ ಎಕ್ಸಾಸ್ಟ್ ಇನ್ನೂ ಚೆನ್ನಾಗಿ ಎದ್ದೇ ಇದೆ, ಇನ್ಲೆಟ್ ಅಲುಗಿಯೇ ಇಲ್ಲ. ಕ್ಯಾಮ್ ಒಂದು ಹಲ್ಲು ಹಿಂದೆ ಕೂತಿತ್ತು. ಇನ್ಲೆಟ್ ತಡವಾಗಿ ಮುಚ್ಚುವುದರಿಂದ ಎಳೆದುಕೊಂಡ ಗ್ಯಾಸಿನಲ್ಲಿ ಒಂದಿಷ್ಟು ವಾಪಸು ಕಾರ್ಬುರೇಟರಿನ ಕಡೆಗೇ ಹೋಗುತ್ತಿತ್ತು. ಕಿಕ್ ಹಗುರವಾದದ್ದು, ಏರಿನಲ್ಲಿ ಬಲ ಇಲ್ಲದ್ದು ಎರಡಕ್ಕೂ ಕಾರಣ ಅದೇ. ಸಿಲಿಂಡರ್ ಮುಟ್ಟದೆ, ಟೈಮಿಂಗ್ ಕವರ್ ಬಿಚ್ಚಿ ಹಲ್ಲು ಸರಿಮಾಡಿದರು. ಆ ಗಾಡಿಯ ಶಬ್ದವನ್ನು ಅದಕ್ಕೆ ಮುಂಚೆ ಎಷ್ಟೋ ಜನ ಕಿವಿಗೊಟ್ಟು ಕೇಳಿದ್ದರು. ನಿಂತಲ್ಲಿ ಓಡುವಾಗ ಅದರ ಶಬ್ದದಲ್ಲಿ ದೋಷವೇನೂ ಇರಲಿಲ್ಲ.

ಕಿಡಿಯ ಟೈಮಿಂಗಿಗೆ ಹಲ್ಲಿನ ಹಂಗಿಲ್ಲ. ಪಾಯಿಂಟ್ ಎಂಬ ಸಣ್ಣ ಸ್ವಿಚ್ ಕೂತ ಪ್ಲೇಟನ್ನು ಎಷ್ಟು ಬೇಕೋ ಅಷ್ಟು ಜರುಗಿಸಬಹುದು. ಸ್ವಾತಂತ್ರ್ಯ ಹೆಚ್ಚಾದಷ್ಟು ತಪ್ಪಿಗೂ ಜಾಗ ಹೆಚ್ಚು. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಅದು ತೆರೆದ ಕ್ಷಣ, ನಮ್ಮ ಭಾಷೆಯಲ್ಲಿ ಪಾಯಿಂಟ್ ಬಿಟ್ಟ ಕ್ಷಣ, ಪ್ಲಗ್ಗಿನಲ್ಲಿ ಕಿಡಿ. ಆದ್ದರಿಂದ ಕೆಲಸ ಇಷ್ಟೇ: ಪಿಸ್ಟನ್ ಮೇಲೆ ಬರಲು 0.8 ಮಿಲಿಮೀಟರ್ ಬಾಕಿ ಇರುವಾಗ ಪಾಯಿಂಟ್ ಬಿಡಬೇಕು.

ಇದರಲ್ಲಿ ಮೊದಲಿನದು ಮೊದಲು ಆಗಬೇಕು. ಪಾಯಿಂಟಿನ ಗ್ಯಾಪ್ 0.35ರಿಂದ 0.40 ಮಿಲಿಮೀಟರ್, ಅದನ್ನು ಫೀಲರ್ ಗೇಜಿನಿಂದ ಇಟ್ಟ ಮೇಲೆಯೇ ಟೈಮಿಂಗ್. ಏಕೆಂದರೆ ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ಬಿಡುತ್ತದೆ, ಕಡಿಮೆ ಮಾಡಿದರೆ ತಡವಾಗಿ ಬಿಡುತ್ತದೆ. ಟೈಮಿಂಗ್ ಇಟ್ಟು ಆಮೇಲೆ ಗ್ಯಾಪ್ ಮುಟ್ಟಿದರೆ ಮೊದಲು ಮಾಡಿದ್ದೆಲ್ಲ ನೀರಲ್ಲಿ ಹೋಮ. ದಾರಿಬದಿಯಲ್ಲಿ ಹ್ಯಾಕ್ಸಾ ಬ್ಲೇಡಿನ ತುಂಡು ತೂರಿಸಿ ಗ್ಯಾಪ್ ಇಡುವುದು ಆಗ ಎಲ್ಲ ಕಡೆ ಇತ್ತು. ಮನೆ ತಲುಪಲಿಕ್ಕೆ ಅದು ಸಾಕು. ಆದರೆ ಬ್ಲೇಡು ಫೀಲರ್ ಗೇಜಿನ ಎಲೆಗಿಂತ ದಪ್ಪ. ಅದರಲ್ಲಿ ಇಟ್ಟ ಗ್ಯಾಪನ್ನು ಹಾಗೇ ಬಿಟ್ಟರೆ ಟೈಮಿಂಗ್ ಮುಂದಕ್ಕೆ ಹೋಗಿ ಕಿಕ್ಕರ್ ವಾಪಸು ಒದೆಯುತ್ತದೆ. ಬುಲೆಟ್ ಒದ್ದು ಕಾಲು ಮುರಿದುಕೊಂಡವರ ಕಥೆಗಳನ್ನು ಗಾಡಿಯ ಗತ್ತು ಎಂದು ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಅದು ಗತ್ತಲ್ಲ, ಟೈಮಿಂಗ್ ಕೆಟ್ಟದ್ದು.

ಇನ್ನು 0.8 ಮಿಲಿಮೀಟರ್ ಅಳೆಯುವುದು. ಬುಲೆಟ್ಟಿನ ಪ್ಲಗ್ ಓರೆಯಾಗಿ ಕೂತಿದೆ. ಆ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಸಿ ಪಿಸ್ಟನ್ ಎಷ್ಟು ಏರಿತು ಎಂದು ನೋಡಿದರೆ ಕಡ್ಡಿಯೂ ಓರೆ, ಅಳತೆಯೂ ಓರೆ. ಎಂಜಿನ್ ಇಳಿಸಿದಾಗ ಮಾತ್ರ ಒಂದು ಅನುಕೂಲ ಸಿಗುತ್ತದೆ: ಹೆಡ್ ಕೂರಿಸುವ ಮೊದಲು ಪಿಸ್ಟನ್ನಿನ ತಲೆ ಕಣ್ಣೆದುರೇ ಇರುತ್ತದೆ. ಹವಾಲ್ದಾರ್ರು ಟೈಮಿಂಗ್ ಇಡುತ್ತಿದ್ದುದು ಆವಾಗಲೇ, ಡೆಪ್ತ್ ಗೇಜ್ ನೆಟ್ಟಗೆ ಇಟ್ಟು. ಪಿಸ್ಟನ್ ತೀರಾ ಮೇಲೆ ಬಂದಾಗ ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದೇ ಗೊತ್ತಾಗುವುದಿಲ್ಲ. ಅದಕ್ಕೆ ನಿಜವಾದ ತುದಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಬಾರದು. ತುದಿಯ ಆಚೆ ಈಚೆ ಒಂದೇ ಅಳತೆಯಷ್ಟು ಇಳಿದ ಎರಡು ಜಾಗ ಗುರುತು ಮಾಡಿಕೊಂಡು ನಡುವನ್ನು ಹಿಡಿಯಬೇಕು. 0.8 ಮಿಲಿಮೀಟರ್ ಎಂದರೆ ಈ ಎಂಜಿನ್ನಿನಲ್ಲಿ ಹತ್ತು ಡಿಗ್ರಿಗೆ ತುಸು ಕಡಿಮೆ. 0.4 ಆದರೆ ಏಳರ ಹತ್ತಿರ. ಕಣ್ಣಿಗೆ ಬೀಳದ ವ್ಯತ್ಯಾಸ ಎಂಜಿನ್ನಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯವನ್ನು ಅವರು ಬಿಡದೆ ಹೇಳುತ್ತಿದ್ದರು. ಎಂಜಿನ್ನನ್ನು ಓಡುವ ದಿಕ್ಕಿಗೇ ತಿರುಗಿಸಿ ಅಳತೆಗೆ ತರಬೇಕು. ದಾಟಿಹೋದರೆ ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ನಿಲ್ಲಿಸಬಾರದು, ಬಹಳ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಪಿನಿಯನ್, ಕ್ಯಾಮ್, ಅದರಾಚೆಯ ಐಡ್ಲರ್ ಚಕ್ರಗಳು, ಎಲ್ಲ ದಾಟಿದ ಮೇಲೆ ಪಾಯಿಂಟಿನ ಶಾಫ್ಟು. ಒಂದೊಂದು ಜೋಡಿ ಹಲ್ಲಿನ ನಡುವೆಯೂ ಒಂದಿಷ್ಟು ಸಡಿಲ ಇದ್ದೇ ಇರುತ್ತದೆ, ತುದಿಗೆ ಬರುವಾಗ ಅವೆಲ್ಲ ಕೂಡುತ್ತವೆ. ಮುಂದಕ್ಕೆ ತಿರುಗಿಸಿದಾಗಷ್ಟೇ ಹಲ್ಲುಗಳು ಓಡುವಾಗ ಒತ್ತುವ ಮೈಯಲ್ಲೇ ಒತ್ತಿ ನಿಲ್ಲುತ್ತವೆ. ಶಾಫ್ಟು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಪಿಸ್ಟನ್ ಮೇಲೆ ಬಂದದ್ದು ಕಂಪ್ರೆಶನ್ನಿನದೋ ಎಕ್ಸಾಸ್ಟಿನದೋ ಎಂದೂ ನೋಡಿಕೊಳ್ಳಬೇಕು. ಇದು ತಿರುಗಾಮುರುಗಾ ಆದರೆ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಪಾಯಿಂಟ್ ಬಿಟ್ಟ ಕ್ಷಣವನ್ನು ಹಿಡಿಯುವುದಕ್ಕೆ ಬುಲೆಟ್ಟಿನಲ್ಲೇ ಒಂದು ಸಾಧನ ಉಂಟು, ಹೆಡ್‌ಲೈಟಿನ ಮೇಲಿನ ಆಮೀಟರ್. ಸ್ವಿಚ್ ಹಾಕಿ ಪಾಯಿಂಟ್ ಮುಚ್ಚಿದ್ದರೆ ಮುಳ್ಳು ಮೈನಸ್ ಕಡೆಗೆ ವಾಲುತ್ತದೆ. ಪಾಯಿಂಟ್ ಬಿಟ್ಟಿತೋ, ಮುಳ್ಳು ಥಟ್ಟನೆ ನಡುವಿಗೆ ಬರುತ್ತದೆ. ನಾನು ಆಮೀಟರ್ ನೋಡುತ್ತಾ ‘ಬಂತು’ ಎನ್ನಬೇಕು, ಅವರು ಗೇಜು ಓದಬೇಕು. ಬ್ಯಾಟರಿ ಸತ್ತಿದ್ದರೆ ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆದು ಹಿಡಿಯುವುದು. ಎಲ್ಲಿ ಜಾರಿತೋ ಅಲ್ಲೇ ಬಿಟ್ಟಿತು. ಬ್ಯಾಟರಿ ಸರಿಯಿದ್ದಾಗ ಎರಡನ್ನೂ ಮಾಡಿ ಎರಡೂ ಒಂದೇ ಹೇಳಿದರೆ ಸ್ಕ್ರೂ ಬಿಗಿ. ಬಿಗಿದ ಮೇಲೆ ಇನ್ನೊಮ್ಮೆ ನೋಡಬೇಕು, ಏಕೆಂದರೆ ಬಿಗಿಯುವಾಗ ಪ್ಲೇಟ್ ತುಸು ಜರುಗುತ್ತದೆ.

ಇಷ್ಟೆಲ್ಲ ಮಾಡಿ ಕೊಟ್ಟ ಗಾಡಿಯನ್ನು ಕೆಲವರು ಇಷ್ಟಪಡುತ್ತಿರಲಿಲ್ಲ. ಸರಿಯಾದ ಟೈಮಿಂಗಿನ ಬುಲೆಟ್ ನಿಂತಲ್ಲಿ ಸ್ವಲ್ಪ ಚುರುಕಾಗಿ ಓಡುತ್ತದೆ. ಜನಕ್ಕೆ ಬೇಕಾದದ್ದು ಎಣಿಸಬಹುದಾದಷ್ಟು ನಿಧಾನದ ಡುಗ್ ಡುಗ್. ಅದು ಬರುವುದು ಟೈಮಿಂಗ್ ಹಿಂದಕ್ಕೆ ತಂದು ಐಡ್ಲಿಂಗ್ ಇಳಿಸಿದಾಗ. ಕಿವಿಯಲ್ಲಿ ಟೈಮಿಂಗ್ ಇಡುವುದು ಎಂದರೆ ಎಷ್ಟೋ ಕಡೆ ಇದೇ ಆಗಿತ್ತು: ಗಿರಾಕಿಯ ಮುಖ ಅರಳುವ ತನಕ ಪ್ಲೇಟ್ ತಿರುಗಿಸುವುದು. ಕಿಡಿ ತಡವಾದರೆ ಉರಿ ಪೂರ್ತಿಯಾಗುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಬೆಂಕಿ ಸಿಲಿಂಡರಿನಲ್ಲಿ ಮಾಡಬೇಕಾದ ಕೆಲಸ ಬಿಟ್ಟು ವಾಲ್ವನ್ನು, ಪೈಪನ್ನು ಕಾಯಿಸುತ್ತದೆ. ಹೆಡ್ಡಿನ ಹತ್ತಿರ ಪೈಪು ನೀಲಿ ತಿರುಗಿದ ಬುಲೆಟ್ಟುಗಳು ಆಗ ಮಡಿಕೇರಿಯಲ್ಲಿ ಬೇಕಾದಷ್ಟಿದ್ದವು. ಸಂಪಾಜೆಯಿಂದ ಮದೆನಾಡು, ತಾಳತ್ತಮನೆ ದಾಟಿ ಊರಿಗೆ ಹತ್ತುವ ಘಾಟಿ ಅಂಥ ಎಂಜಿನ್ನಿಗೆ ಒಳ್ಳೆಯದಲ್ಲ. ಸಮುದ್ರಮಟ್ಟದಿಂದ 1100 ಮೀಟರಿಗೂ ಮೇಲಿರುವ ಊರಿಗೆ ಆ ಕಾವಿನಲ್ಲಿ ಇಬ್ಬರನ್ನು ಹೊತ್ತು ಬರಬೇಕು. ಎಕ್ಸಾಸ್ಟ್ ವಾಲ್ವ್ ಸುಟ್ಟು ಬಂದ ಗಾಡಿಗಳನ್ನು ತೆರೆದಾಗ ಪಾಯಿಂಟ್ ಪ್ಲೇಟ್ ಒಂದು ಕಡೆಯ ತುದಿಯಲ್ಲಿರುವುದನ್ನು ನಾನೇ ಕಂಡಿದ್ದೇನೆ. ಆ ಶಬ್ದವನ್ನು ಇಂಪು ಅಂದವರಿಗೆ ಅದರ ಬೆಲೆ ಗೊತ್ತಿರಲಿಲ್ಲ.

ಹಾಗೆಂದು ಹವಾಲ್ದಾರ್ರ ವಿಧಾನಕ್ಕೆ ಮಿತಿ ಇರಲಿಲ್ಲ ಎಂದಲ್ಲ. ಅವರು ಅಳೆಯುತ್ತಿದ್ದುದು ನಿಂತ ಎಂಜಿನ್ನನ್ನು. ಓಡುವಾಗ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರಲು ಪಾಯಿಂಟಿನ ಹಿಂದೆ ಎರಡು ಸಣ್ಣ ತೂಕ, ಎರಡು ಸ್ಪ್ರಿಂಗ್ ಇವೆ. ಕಕ್ಕಡ ತಿಂಗಳ ಮಳೆ ಶುರುವಾದರೆ ವಾರಗಟ್ಟಲೆ ಬಟ್ಟೆ ಒಣಗದ ಊರು ಇದು. ಆ ತೇವ ಒಳಗೆ ಹೊಕ್ಕು ತೂಕಗಳು ತುಕ್ಕು ಹಿಡಿದು ಅಂಟಿಕೊಂಡರೆ, 0.8 ಮಿಲಿಮೀಟರ್ ಸರಿಯಾಗಿದ್ದರೂ ರಸ್ತೆಯಲ್ಲಿ ಗಾಡಿ ಎಳೆಯುವುದಿಲ್ಲ. ಕೈಯಲ್ಲಿ ತಿರುಗಿಸಿ ಬಿಟ್ಟು ಸ್ಪ್ರಿಂಗ್ ವಾಪಸು ಎಳೆಯುತ್ತದೋ ಎಂದು ನೋಡುವುದಷ್ಟೇ ಆಗ ಸಾಧ್ಯವಿತ್ತು. ಈಗ ನನ್ನ ಹತ್ತಿರ ಟೈಮಿಂಗ್ ಲೈಟ್ ಇದೆ. ಓಡುತ್ತಿರುವ ಎಂಜಿನ್ನಿನಲ್ಲಿ ಕಿಡಿ ಎಲ್ಲಿ ಬಿತ್ತು ಎಂದು ಕಣ್ಣಾರೆ ನೋಡಬಹುದು. ಇದು ಅವರಿಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಪಾಯಿಂಟಿನ ಕಾಲ ಮುಗಿಯುವ ಸೂಚನೆ ಎಂಬತ್ತರ ದಶಕದಲ್ಲೇ ಬಂದಿತ್ತು. 1985ರ ಹೊತ್ತಿಗೆ ಹೀರೋ ಹೋಂಡಾ ಬಂತು. ಚೈನಿನಿಂದ ತಿರುಗುವ ಕ್ಯಾಮ್ ಹೆಡ್ಡಿನ ಒಳಗೇ. ಫ್ಲೈವೀಲಿನ ಮೇಲೆ ‘ಟಿ’ ಅಕ್ಷರ ನೇರ ತಂದು, ಕ್ಯಾಮ್ ಸ್ಪ್ರಾಕೆಟ್ಟಿನ ಸೊನ್ನೆಯನ್ನು ಹೆಡ್ಡಿನ ಗುರುತಿಗೆ ಕೂಡಿಸಿದರೆ ಮುಗಿಯಿತು. ಪಕ್ಕದ ‘ಎಫ್’ ಅಕ್ಷರ ಕಿಡಿ ಬೀಳುವ ಜಾಗ. ತೋಟಗಳ ಪಂಪು, ಸ್ಪ್ರೇಯರುಗಳಿಗೂ ಹೋಂಡಾದ ಫೋರ್ ಸ್ಟ್ರೋಕ್ ಎಂಜಿನ್ನುಗಳು ಬಂದವು. ಮಳೆಗೆ ಮುಂಚೆ ಕಾಫಿಗೆ ಬೋರ್ಡೋ ಹೊಡೆಯುವ ದಿನಗಳಲ್ಲಿ ಅವೇ ಶೆಡ್ಡಿನ ತುಂಬ. ಅವುಗಳಲ್ಲಿ ಕ್ರ್ಯಾಂಕಿನ ಚಕ್ರಕ್ಕೊಂದು ಚುಕ್ಕಿ, ಕ್ಯಾಮಿಗೊಂದು ಚುಕ್ಕಿ. ಕಿಡಿಯ ಟೈಮಿಂಗನ್ನು ಫ್ಲೈವೀಲಿನ ಕೀ ಒಂದೇ ಹಿಡಿದಿಡುತ್ತದೆ. ನಟ್ಟು ಸಡಿಲವಾಗಿ ಆ ಕೀ ಅರ್ಧ ಕತ್ತರಿಸಿಕೊಂಡರೆ ಫ್ಲೈವೀಲ್ ಜರುಗಿ ಟೈಮಿಂಗ್ ಹೋಗುತ್ತದೆ. ಇವತ್ತಿಗೂ ಅಂಥ ಎಂಜಿನ್ ತಂದವರೆಲ್ಲ ಮೊದಲು ಕಾರ್ಬುರೇಟರ್ ಬಿಚ್ಚಿಸಿಯೇ ತಂದಿರುತ್ತಾರೆ.

ಬುಲೆಟ್ಟಿಗೆ ಬದಲಾವಣೆ ಬಹಳ ತಡವಾಗಿ ಬಂತು. 2008ರಿಂದ ಕಂಪನಿ ತಂದ ಹೊಸ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಪಾಯಿಂಟ್ ಇಲ್ಲದ ಇಗ್ನಿಶನ್. 2020ರ ಮೀಟಿಯೋರ್‌ನಿಂದ ಶುರುವಾದ 349 ಸಿಸಿ ಎಂಜಿನ್ನಿನಲ್ಲಿ ಪುಶ್‌ರಾಡೇ ಇಲ್ಲ. ಕ್ಯಾಮ್ ಮೇಲೇರಿ ಚೈನಿಗೆ ಸಿಕ್ಕಿದೆ. ಕ್ರ್ಯಾಂಕ್ ಎಲ್ಲಿದೆ ಎಂದು ಸೆನ್ಸರ್ ಓದುತ್ತದೆ, ಯಾವ ವೇಗಕ್ಕೆ, ಎಷ್ಟು ಆಕ್ಸಿಲರೇಟರಿಗೆ ಕಿಡಿ ಎಲ್ಲಿ ಬೀಳಬೇಕು ಎಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಲೆಕ್ಕ ಹಾಕುತ್ತದೆ. ಘಾಟಿ ಹತ್ತುವಾಗ, ಮಂಜಿನಲ್ಲಿ, ಜಡಿಮಳೆಯಲ್ಲಿ ಅದು ತಪ್ಪುವುದಿಲ್ಲ. ಹಳೆಯದು ಇದಕ್ಕಿಂತ ಚೆನ್ನಾಗಿತ್ತು ಎಂದು ಹೇಳಲು ನನ್ನಲ್ಲಿ ಒಂದು ಕಾರಣವೂ ಇಲ್ಲ. ಪಾಯಿಂಟಿನ ತೇವ ಒರೆಸಲು ಮಳೆಯಲ್ಲಿ ನಿಂತ ಯಾರೂ ಹೇಳಲಿಕ್ಕಿಲ್ಲ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕಾಡುತ್ತದೆ. ಆಗ ಗಾಡಿಯ ಯಜಮಾನ ಪಕ್ಕದಲ್ಲಿ ಕೂತು ಮುಳ್ಳು ನಡುವಿಗೆ ಬಂದದ್ದನ್ನು ತಾನೇ ನೋಡಬಹುದಿತ್ತು. ಮೆಕ್ಯಾನಿಕ್ ಹೇಳಿದ್ದು ನಿಜವೋ ಎಂದು ಪರೀಕ್ಷಿಸಬಹುದಿತ್ತು. ಈಗ ಸ್ಕ್ಯಾನರ್ ಇದ್ದವನ ಮಾತನ್ನು ನಂಬಬೇಕು. ಕ್ಯಾಮ್ ಚೈನ್ ಹಾಕುವಾಗ ಮಾತ್ರ ಹಳೆಯ ಕೆಲಸ ಹಾಗೇ ಉಳಿದಿದೆ. ಅಲ್ಲಿ ಈಗಲೂ ಒಂದು ಹಲ್ಲು ತಪ್ಪಬಹುದು, ಹೊಸ ಹುಡುಗರಿಗೆ ನಾನು ಎರಡು ಸುತ್ತು ಕೈಯಲ್ಲಿ ತಿರುಗಿಸಿ ನೋಡದೆ ಮುಚ್ಚಲು ಬಿಡುವುದಿಲ್ಲ.

ಹಳೆಯ ಕಬ್ಬಿಣದ ಬುಲೆಟ್ಟುಗಳು ಈಗ ಮತ್ತೆ ಬರುತ್ತಿವೆ. ಅಜ್ಜನ ಗಾಡಿ, ಅಪ್ಪನ ಗಾಡಿ ಎಂದು ಕೊಟ್ಟಿಗೆಯಿಂದ ಎಳೆದು ತರುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಡಿಗ್ರಿ ವೀಲ್ ಸಮೇತ ಬಂದಿದ್ದ. ಕ್ರ್ಯಾಂಕಿಗೆ ಸಿಕ್ಕಿಸುವ ಆ ತಟ್ಟೆಯಲ್ಲಿ ಡಿಗ್ರಿಯನ್ನು ನೇರ ಓದಬಹುದು. ಅವನ ಕ್ಯಾಮ್ ಜೋಡಿ ಹೊಸದು. ಇಬ್ಬರೂ ಸೇರಿ ಓವರ್‌ಲ್ಯಾಪ್ ನೋಡಿದೆವು, ಗುರುತು ಸರಿಯಾಗಿತ್ತು. ಎಲ್ಲ ಮುಗಿದು ಗಾಡಿ ಸ್ಟಾರ್ಟ್ ಆದ ಮೇಲೆ ಅವನೂ ಕೇಳಿದ: ‘ಅಂಕಲ್, ಸೌಂಡ್ ಸ್ವಲ್ಪ ಸ್ಲೋ ಮಾಡಿಕೊಡ್ತೀರಾ?’ ಪೈಪ್ ನೀಲಿಯಾಗುವುದು ಏಕೆ ಎಂದು ಹೇಳಿದೆ. ಡಿಗ್ರಿ ವೀಲ್ ತಂದವನಾದ್ದರಿಂದ ಬೇಗ ಅರ್ಥ ಮಾಡಿಕೊಂಡ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಇರುವುದರಿಂದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಅದನ್ನು ಜೆಟ್ಟಿನಲ್ಲಿ ಸರಿಮಾಡಬೇಕೇ ಹೊರತು ಟೈಮಿಂಗ್ ಮುಟ್ಟಿ ಅಲ್ಲ ಎಂದೂ ಹೇಳಿದೆ.

ಬಿಲ್ಲಿನ ಹಿಂದೆ ಅಳತೆಗಳನ್ನು ಬರೆದುಕೊಡುವುದು ನನ್ನ ಪದ್ಧತಿ: ಪಾಯಿಂಟ್ ಗ್ಯಾಪ್ ಎಷ್ಟು, ಪಿಸ್ಟನ್ ಎಷ್ಟು ಕೆಳಗಿರುವಾಗ ಬಿಟ್ಟಿತು, ಓಡುವಾಗ ಎಷ್ಟು ಡಿಗ್ರಿಗೆ ಹೋಯಿತು. ಮುಂದೆ ಯಾರ ಕೈಗೆ ಗಾಡಿ ಹೋದರೂ ಅವರಿಗೆ ಲೆಕ್ಕ ಸಿಗಲಿ ಎಂದು. ಕೊನೆಯಲ್ಲಿ 500 ಕಿಲೋಮೀಟರ್ ಆದ ಮೇಲೆ ತರಲು ಬರೆದಿರುತ್ತೇನೆ. ಹೊಸ ಪಾಯಿಂಟಿನ ಫೈಬರ್ ಹಿಮ್ಮಡಿ ಮೊದಮೊದಲು ಬೇಗ ಸವೆಯುತ್ತದೆ, ಸವೆದಷ್ಟೂ ಗ್ಯಾಪ್ ಇಳಿದು ಟೈಮಿಂಗ್ ಹಿಂದಕ್ಕೆ ಹೋಗುತ್ತದೆ. ಪಾಯಿಂಟನ್ನು ತೆರೆಯುವ ಕ್ಯಾಮಿನ ಪಕ್ಕದ ಫೆಲ್ಟಿಗೆ ಒಂದು ತೊಟ್ಟು ಎಣ್ಣೆ ಹಾಕಿ, ಗ್ಯಾಪ್ ಮತ್ತೆ ಇಟ್ಟು, ಮುಳ್ಳು ನೋಡಿ ಕಳಿಸುವುದಕ್ಕೆ ಅರ್ಧ ಗಂಟೆ ಸಾಕು.